ಆರು ವೋಲ್ಟಿನ ಚೇತಕ್‌ಗೆ ಡಿಸಿ ವೈರಿಂಗ್: ಬ್ಯಾಟರಿ ಕೊಳ್ಳುವ ಮುಂಚೆ ಕಾಯಿಲ್ ನೋಡಿ

ಪ್ರಶ್ನೆ: ನಮ್ಮ ತಂದೆಯವರ ಹಳೆಯ ಬಜಾಜ್ ಚೇತಕ್ ನನ್ನ ಬಳಿ ಇದೆ. 6 ವೋಲ್ಟ್, ಪಾಯಿಂಟ್ (ಕಿಡಿ ಹೊಡೆಸಲು ಬಿಟ್ಟು ಕೂಡುವ ಸಂಪರ್ಕ) ಇರುವ ಮಾದರಿ, ಬ್ಯಾಟರಿ ಇಲ್ಲ. ಹೆಡ್‌ಲೈಟಿಗೆ 25/25 ವ್ಯಾಟ್ ಬಲ್ಬ್. ಸಿಗ್ನಲ್‌ನಲ್ಲಿ ನಿಂತರೆ ದೀಪ ಮಂಕಾಗುತ್ತದೆ, ಹಾರ್ನ್ ಬರೀ ಗೊರಗೊರ ಎನ್ನುತ್ತದೆ. ಎಲ್ಇಡಿ ಹಾಕಿ ನೋಡಿದೆ, ಮಿಣುಕಿ ಮಿಣುಕಿ ಕೆಲವೇ ದಿನದಲ್ಲಿ ಸುಟ್ಟುಹೋಯಿತು. ಆಮೇಲೆ ನಮ್ಮೂರಿನ ಮೆಕ್ಯಾನಿಕ್ ಒಬ್ಬರು ಫುಲ್ ವೇವ್ ರೆಗ್ಯುಲೇಟರ್ (ಎಸಿ ಅಲೆಯ ಎರಡೂ ಅರ್ಧವನ್ನು ಡಿಸಿ ಮಾಡಿ ವೋಲ್ಟೇಜ್ ಹಿಡಿದಿಡುವ ಪೆಟ್ಟಿಗೆ) ಮತ್ತು 12 ವೋಲ್ಟಿನ ಬ್ಯಾಟರಿ ಕೂರಿಸಿಕೊಟ್ಟರು. ಬ್ಯಾಟರಿ ಚಾರ್ಜ್ ಆಗುತ್ತಲೇ ಇಲ್ಲ, ರೆಗ್ಯುಲೇಟರ್ ಮಾತ್ರ ಮುಟ್ಟಲಾಗದಷ್ಟು ಬಿಸಿಯಾಗುತ್ತದೆ. ಗಾಡಿಯನ್ನು ಪೂರ್ತಿ ಡಿಸಿಗೆ, ಅಂದರೆ ಬ್ಯಾಟರಿಯಂತೆ ಒಂದೇ ದಿಕ್ಕಿಗೆ ಹರಿಯುವ ಕರೆಂಟಿಗೆ, ತರಲು ಆಗುತ್ತದೆಯೇ? ಎಂಜಿನ್ನಿಗೆ, ಕಿಡಿಗೆ ತೊಂದರೆ ಆಗುವುದಿಲ್ಲವೇ?

ಉತ್ತರ: ಆಗುತ್ತದೆ. ಸರಿಯಾಗಿ ಮಾಡಿದರೆ ಕಿಡಿಯ ತಂಟೆಗೇ ಹೋಗಬೇಕಿಲ್ಲ. ನಿಮ್ಮ ಮೆಕ್ಯಾನಿಕ್ ಹಾಕಿದ ರೆಗ್ಯುಲೇಟರ್ ಕೆಟ್ಟದ್ದಿರಲಾರದು, ಬ್ಯಾಟರಿಯೂ ಅಷ್ಟೆ. ತೊಂದರೆ ಇರುವುದು ಮ್ಯಾಗ್ನೆಟ್ಟಿನ ಒಳಗೆ, ಕಾಯಿಲ್ ಪ್ಲೇಟಿನ ಮೇಲೆ ಬೆಸೆದಿರುವ ಒಂದು ತುದಿಯಲ್ಲಿ. ಆ ತುದಿಯನ್ನು ಬಿಡಿಸದೆ ಎಷ್ಟು ದುಬಾರಿಯ ರೆಗ್ಯುಲೇಟರ್ ತಂದು ಹಾಕಿದರೂ ಇದೇ ಗತಿ. ಯಾಕೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇದು ತಿಳಿದರೆ ಮುಂದಿನ ಕೆಲಸದಲ್ಲಿ ಯಾರೂ ನಿಮ್ಮನ್ನು ದಾರಿ ತಪ್ಪಿಸಲಾರರು.

ಚೇತಕ್ ಮಾರುಕಟ್ಟೆಗೆ ಬಂದದ್ದು 1972ರಲ್ಲಿ. ಪಿಯಾಜಿಯೋ ಜೊತೆಗಿನ ಬಜಾಜ್ ಪರವಾನಗಿ 1971ರಲ್ಲಿ ಮುಗಿದ ಮೇಲೆ, ವೆಸ್ಪಾ ಸ್ಪ್ರಿಂಟ್ ವಿನ್ಯಾಸದ ಬುನಾದಿಯ ಮೇಲೆಯೇ ಇದನ್ನು ಕಟ್ಟಿದರು. ಹಾಗಾಗಿ ವೆಸ್ಪಾದ ವಿದ್ಯುತ್ ತರ್ಕವೇ ಇದರದ್ದೂ. ಕಿಕ್ ಹೊಡೆದರೆ ಎಂಜಿನ್ ಹತ್ತಬೇಕು, ಎಂಜಿನ್ ತಿರುಗಿದರೆ ದೀಪ ಉರಿಯಬೇಕು, ನಡುವೆ ಬ್ಯಾಟರಿ ಎಂಬ ಖರ್ಚಿನ ವಸ್ತು ಬೇಡ, ಇಷ್ಟೇ ಅದರ ಲೆಕ್ಕ. ಆ ಕಾಲಕ್ಕೆ ಅದು ಬಹಳ ಬುದ್ಧಿವಂತಿಕೆಯ ಏರ್ಪಾಟು. ವರ್ಷಗಟ್ಟಲೆ ಕೊಟ್ಟಿಗೆಯಲ್ಲಿ ನಿಂತ ಗಾಡಿಯೂ ಪೆಟ್ರೋಲ್ ಹಾಕಿ ನಾಲ್ಕು ಕಿಕ್ ಕೊಟ್ಟರೆ ದೀಪ ಸಮೇತ ಎದ್ದು ನಿಲ್ಲುವುದು ಇದರಿಂದಲೇ.

ಫ್ಯಾನ್ ಸಮೇತ ತಿರುಗುವ ಮ್ಯಾಗ್ನೆಟ್ಟಿನ ಒಳಗೆ ಕದಲದೆ ಕೂತಿರುವ ಪ್ಲೇಟಿನ ಮೇಲೆ ಎರಡು ಬಗೆಯ ಕಾಯಿಲ್‌ಗಳಿವೆ. ಒಂದು ಇಗ್ನಿಷನ್ನಿನದು. ಅದರ ಜೊತೆಗಾರರು ಪಾಯಿಂಟ್, ಕಂಡೆನ್ಸರ್ ಮತ್ತು ಹೊರಗಿದ್ದು ಪ್ಲಗ್ಗಿಗೆ ಹೆಚ್ಚಿನ ವೋಲ್ಟೇಜ್ ಕೊಡುವ ಎಚ್‌ಟಿ ಕಾಯಿಲ್. ಉಳಿದವು ಲೈಟಿನ ಕಾಯಿಲ್‌ಗಳು. ಇವೆರಡರ ಸಂಸಾರ ಬೇರೆ ಬೇರೆ. ನಾವು ಕೈ ಹಾಕುವುದು ಲೈಟಿನ ಕಾಯಿಲ್‌ಗಳಿಗೆ ಮಾತ್ರ. ಕೆಲವು ಹಳೆಯ ಸ್ಕೂಟರ್ ಮಾದರಿಗಳಲ್ಲಿ ಒಂದು ಅಪವಾದವಿದೆ: ಬ್ರೇಕ್ ದೀಪದ ದಾರಿ ಇಗ್ನಿಷನ್ ಕಾಯಿಲ್ಲಿಗೆ ಹೆಣೆದುಕೊಂಡಿರುತ್ತದೆ. ಅದನ್ನು ಕಂಡುಹಿಡಿಯುವುದು ಸುಲಭ. ಎಂಜಿನ್ ಓಡುತ್ತಿರುವಾಗ ಬ್ರೇಕ್ ದೀಪದ ಬಲ್ಬ್ ತೆಗೆದು ಪೆಡಲ್ ಒತ್ತಿ. ಎಂಜಿನ್ ತಡವರಿಸಿದರೆ ಅಥವಾ ನಿಂತರೆ ಆ ಹೆಣಿಗೆ ಇದೆ ಎಂದು ಗುರುತು ಹಾಕಿಕೊಳ್ಳಿ, ಮೊದಲು ಅದನ್ನು ಬೇರ್ಪಡಿಸಬೇಕು.

ಲೈಟಿನ ಕಾಯಿಲ್ಲಿಗೆ ಎರಡು ತುದಿ. ಒಂದು ತುದಿ ವೈರಾಗಿ ಹೊರಗೆ ಬಂದು ಸ್ವಿಚ್ಚಿಗೆ ಹೋಗುತ್ತದೆ. ಇನ್ನೊಂದನ್ನು ಕಂಪನಿಯವರು ಪ್ಲೇಟಿಗೇ ಬೆಸೆದುಬಿಟ್ಟಿದ್ದಾರೆ, ಅಂದರೆ ಬಾಡಿಗೆ ಅರ್ಥಿಂಗ್. ಬಲ್ಬಿನ ಇನ್ನೊಂದು ಕಡೆಯೂ ಬಾಡಿಗೇ ಸೇರಿರುವುದರಿಂದ ಎಸಿ (ದಿಕ್ಕು ಬದಲಿಸುತ್ತಾ ಹರಿಯುವ ಕರೆಂಟು) ಸರ್ಕ್ಯೂಟ್ ಪೂರ್ಣವಾಗುತ್ತದೆ, ಒಂದು ವೈರ್ ಉಳಿಯುತ್ತದೆ. ಎಸಿಗೆ ಇದು ಸರಿ. ಈಗ ಇದಕ್ಕೆ ಫುಲ್ ವೇವ್ ರೆಗ್ಯುಲೇಟರ್ ಸೇರಿಸಿದರೆ ಏನಾಗುತ್ತದೆ ನೋಡಿ. ಅದರೊಳಗೆ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ನಾಲ್ಕು ಡಯೋಡ್‌ಗಳ ಸೇತುವೆ ಇದೆ. ಅದರ ನೆಗೆಟಿವ್ ತುದಿಯನ್ನು ಬ್ಯಾಟರಿಯ ನೆಗೆಟಿವ್ ಜೊತೆ ಬಾಡಿಗೆ ಸೇರಿಸಿದ್ದೀರಿ. ಕಾಯಿಲ್ಲಿನ ಒಂದು ತುದಿಯೂ ಅದೇ ಬಾಡಿಯಲ್ಲಿದೆ. ಹೊರಬಂದ ವೈರ್ ಪಾಸಿಟಿವ್ ಆಗಿರುವ ಅರ್ಧ ಸುತ್ತಿನಲ್ಲಿ ಕರೆಂಟು ಬ್ಯಾಟರಿಗೆ ಹೋಗುತ್ತದೆ. ಅದೇ ವೈರ್ ನೆಗೆಟಿವ್ ಆದ ಅರ್ಧ ಸುತ್ತಿನಲ್ಲಿ ಕರೆಂಟು ಬಾಡಿಯಿಂದ ಕೆಳಗಿನ ಒಂದು ಡಯೋಡ್ ದಾಟಿ ನೇರವಾಗಿ ಕಾಯಿಲ್ಲಿಗೇ ಹಿಂತಿರುಗುತ್ತದೆ. ನಡುವೆ ಬಲ್ಬಿಲ್ಲ, ಬ್ಯಾಟರಿಯಿಲ್ಲ. ಅಂದರೆ ಪ್ರತಿ ಸುತ್ತಿನ ಅರ್ಧ ಭಾಗ ಕಾಯಿಲ್ ಶಾರ್ಟ್ ಆಗಿಯೇ ಓಡುತ್ತಿದೆ. ರೆಗ್ಯುಲೇಟರ್ ಸುಡುವುದು, ಕಾಯಿಲ್ ಕಾಯುವುದು, ಬ್ಯಾಟರಿ ತುಂಬದೆ ಉಳಿಯುವುದು ಎಲ್ಲಕ್ಕೂ ಕಾರಣ ಇದೊಂದೇ. ದಯವಿಟ್ಟು ಈ ಸ್ಥಿತಿಯಲ್ಲಿ ಗಾಡಿ ಓಡಿಸಬೇಡಿ. ರೆಗ್ಯುಲೇಟರಿನ ಎಸಿ ವೈರ್ ಕಳಚಿ ಟೇಪ್ ಸುತ್ತಿಡಿ. ಪಾಯಿಂಟ್ ಗಾಡಿಯಾದ್ದರಿಂದ ಎಂಜಿನ್ ಓಡುತ್ತಲೇ ಇರುತ್ತದೆ, ದೀಪ ಮಾತ್ರ ಇರುವುದಿಲ್ಲ. ಹಗಲಿನಲ್ಲಿ ಮನೆಯ ಸುತ್ತಮುತ್ತ ಪರೀಕ್ಷೆಗೆ ಅಷ್ಟು ಸಾಕು.

ಎಲ್ಇಡಿ ಮಿಣುಕಿದ್ದಕ್ಕೂ ಕಾರಣ ಹೇಳುತ್ತೇನೆ. ಪಾಯಿಂಟ್ ಕಾಲದ ನಾಲ್ಕು ಪೋಲಿನ (ಕಾಂತದ ಧ್ರುವದ) ಮ್ಯಾಗ್ನೆಟ್ ಒಂದು ಸುತ್ತಿಗೆ ಎರಡು ಸಲ ಎಸಿ ಅಲೆ ಎಬ್ಬಿಸುತ್ತದೆ. ನಿಮಿಷಕ್ಕೆ 1000 ಸುತ್ತಿನ ಐಡ್ಲಿಂಗ್‌ನಲ್ಲಿ ಅದು ಸೆಕೆಂಡಿಗೆ 33 ಅಲೆ. ಕಾದು ಕೆಂಪಾದ ಬಲ್ಬಿನ ತಂತಿ ಅಷ್ಟು ಹೊತ್ತಿನಲ್ಲಿ ತಣಿಯುವುದಿಲ್ಲ, ಹಾಗಾಗಿ ಕಣ್ಣಿಗೆ ಅಷ್ಟಾಗಿ ಕಾಣುವುದಿಲ್ಲ. ಎಲ್ಇಡಿಗೆ ಆ ಕಾವಿನ ಆಸರೆ ಇಲ್ಲ, ಪ್ರತಿ ಅಲೆಗೂ ಉರಿದು ಆರುತ್ತದೆ. ಜೊತೆಗೆ ರೆಗ್ಯುಲೇಟರ್ ಇಲ್ಲದ ಎಸಿಯ ವೋಲ್ಟೇಜ್ ಆಕ್ಸಿಲರೇಟರ್ ತಿರುವಿದಂತೆಲ್ಲ ಏರುತ್ತದೆ. ಹಳೆಯ ಸ್ಕೂಟರ್‌ಗಳಲ್ಲಿ ಅದನ್ನು ಹಿಡಿದಿಟ್ಟಿದ್ದದ್ದು ಬಲ್ಬುಗಳೇ. ಕಾಯಿಲ್ ಕೊಡುವ ವ್ಯಾಟಿಗೂ ಬಲ್ಬುಗಳು ತಿನ್ನುವ ವ್ಯಾಟಿಗೂ ಸರಿಹೊಂದಿಸಿ ಕಂಪನಿಯವರು ವಿನ್ಯಾಸ ಮಾಡಿದ್ದರು. ಹೆಡ್‌ಲೈಟ್ ಬಲ್ಬ್ ಹೋದ ಹಿಂದೆಯೇ ಹಿಂದಿನ ದೀಪವೂ ಸ್ಪೀಡೋಮೀಟರ್ ದೀಪವೂ ಸಾಲಾಗಿ ಹೋಗುತ್ತಿದ್ದದ್ದು ನಿಮ್ಮ ತಂದೆಯವರಿಗೆ ನೆನಪಿರಬಹುದು. ನೀವು 25 ವ್ಯಾಟಿನ ಬಲ್ಬ್ ತೆಗೆದು ಕೆಲವೇ ವ್ಯಾಟಿನ ಎಲ್ಇಡಿ ಹಾಕಿದಾಗ ಆ ಹಿಡಿತ ತಪ್ಪಿತು, ವೋಲ್ಟೇಜ್ ಮೇಲೇರಿತು, ಎಲ್ಇಡಿ ಹೋಯಿತು.

ಹಾಗಾದರೆ ಏನು ಮಾಡಬೇಕು? ಗಾಡಿ ತಿಂಗಳಿಗೊಮ್ಮೆ ಹಗಲಲ್ಲಿ ಹೊರಬರುವುದಾದರೆ ನಾನು ಪೂರ್ತಿ ಡಿಸಿ ಮಾಡಿ ಎನ್ನುವುದಿಲ್ಲ. ಬಾಡಿ ಅರ್ಥಿಂಗ್‌ಗಳನ್ನು ಕೆರೆದು ಶುಚಿ ಮಾಡಿ, ಸರಿಯಾದ ವ್ಯಾಟಿನ 6 ವೋಲ್ಟ್ ಬಲ್ಬ್ ಹಾಕಿ, ಹಾರ್ನಿನ ಸ್ಕ್ರೂ ಸರಿಹೊಂದಿಸಿದರೆ ಹಳೆಯ ಎಸಿ ವ್ಯವಸ್ಥೆ ನಂಬಿಕೆಗೆ ಅರ್ಹವಾದದ್ದೇ. ಬ್ಯಾಟರಿ ಹಾಕಿ ಓಡಿಸದೆ ಬಿಟ್ಟರೆ ಅದು ಅಲ್ಲೇ ಸಾಯುತ್ತದೆ. ನೀವು ದಿನಾ ಕೆಲಸಕ್ಕೆ ಓಡಿಸುವವರು, ರಾತ್ರಿ ಹೆದ್ದಾರಿಗೆ ಇಳಿಯುವವರು ಎಂದಾದರೆ ಮಾತ್ರ ಡಿಸಿಗೆ ಬನ್ನಿ. ರಾತ್ರಿ ಹಿಂದಿನಿಂದ ಬರುವ ಲಾರಿಗೆ ನಿಂತ ಸ್ಕೂಟರಿನ ಹಿಂದಿನ ದೀಪ ಕಾಣಲೇಬೇಕು. ಈ ಒಂದು ಕಾರಣಕ್ಕೇ ದಿನಬಳಕೆಯ ಗಾಡಿಗೆ ಡಿಸಿ ಬೇಕು ಎನ್ನುವವನು ನಾನು.

ಅರ್ಧ ದಾರಿಯ ಉಪಾಯವೂ ಒಂದಿದೆ. ಹೆಡ್‌ಲೈಟನ್ನು ಎಸಿಯಲ್ಲೇ ಬಿಟ್ಟು ಹಾರ್ನ್, ಇಂಡಿಕೇಟರ್, ಬ್ರೇಕ್ ದೀಪ, ಹಿಂದಿನ ದೀಪಗಳನ್ನು ಮಾತ್ರ ಬ್ಯಾಟರಿಗೆ ಕೊಡುವುದು. ಹಳೆಯ ಸ್ಪ್ಲೆಂಡರ್ ಬೈಕಿನ ನಾಲ್ಕು ಪಿನ್ ರೆಗ್ಯುಲೇಟರ್ ಈ ಜಾತಿಯದು: ಒಂದು ಕಡೆ ಎಸಿ ಲೈಟಿನ ವೋಲ್ಟೇಜ್ ಹಿಡಿಯುತ್ತದೆ, ಇನ್ನೊಂದು ಕಡೆ ಅರ್ಧ ಅಲೆಯಿಂದ ಬ್ಯಾಟರಿ ತುಂಬುತ್ತದೆ. ಇದಕ್ಕೆ ಕಾಯಿಲ್ಲಿನ ಅರ್ಥಿಂಗ್ ಬಿಡಿಸಬೇಕಿಲ್ಲ. ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್ ಇರುವ 12 ವೋಲ್ಟಿನ ಗಾಡಿಗೆ ಇದು ಅಗ್ಗದ, ಒಳ್ಳೆಯ ದಾರಿ. ನಿಮ್ಮ 6 ವೋಲ್ಟಿನ ಕಾಯಿಲ್ಲಿಗೆ ಅರ್ಧ ಅಲೆಯ ಚಾರ್ಜಿಂಗ್ ತೀರಾ ಬಡವಾಗುತ್ತದೆ, ಎಲ್ಇಡಿ ಹೆಡ್‌ಲೈಟಿನ ಆಸೆಯೂ ಈಡೇರುವುದಿಲ್ಲ. ಆದ್ದರಿಂದ ಪೂರ್ತಿ ದಾರಿಯನ್ನೇ ಹೇಳುತ್ತೇನೆ.

ಮೊದಲು ಲೆಕ್ಕ. ನಿಮ್ಮ ಕಾಯಿಲ್ ಕಂಪನಿಯಿಂದ ಬಂದಾಗ ಹೆಡ್‌ಲೈಟಿನ 25 ವ್ಯಾಟ್, ಹಿಂದಿನ ದೀಪದ 5 ವ್ಯಾಟ್, ಹೀಗೆ ಸುಮಾರು 30 ವ್ಯಾಟ್ ಸಾಕಲು ಹುಟ್ಟಿದ್ದು. ಡಿಸಿ ಮಾಡಿದರೆ ಹೆಚ್ಚು ವ್ಯಾಟ್ ಎಲ್ಲಿಂದಲೂ ಬರುವುದಿಲ್ಲ. ಡಯೋಡ್‌ಗಳೇ ಸುಮಾರು ಎರಡು ವೋಲ್ಟ್ ನುಂಗಿಕೊಳ್ಳುತ್ತವೆ, 14ರಲ್ಲಿ ಎರಡು ಎಂದರೆ ಏಳರಲ್ಲಿ ಒಂದು ಪಾಲು ಶಾಖವಾಗಿ ಹೋಯಿತು. ಉಳಿತಾಯ ಬರಬೇಕಾದದ್ದು ಎಲ್ಇಡಿಯಿಂದ. ಹೆಡ್‌ಲೈಟ್ 12 ವ್ಯಾಟ್, ಹಿಂದಿನ ದೀಪ 2, ಸ್ಪೀಡೋಮೀಟರಿಗೆ 1, ಒಟ್ಟು 15 ವ್ಯಾಟ್. 5 ಆಂಪಿಯರ್ ಅವರ್ ಬ್ಯಾಟರಿ ತುಂಬಲು ಅರ್ಧ ಆಂಪಿಯರ್, ಅಂದರೆ ಇನ್ನೊಂದು 7 ವ್ಯಾಟ್. ಇಷ್ಟು ನಿಮ್ಮ ಕಾಯಿಲ್ ಹೊರುತ್ತದೆ. ಹಾರ್ನ್ ಒತ್ತಿದಾಗ ಎರಡೂವರೆ ಆಂಪಿಯರ್ ಎಳೆಯುತ್ತದೆ ನಿಜ, ಆದರೆ ಅದು ಕ್ಷಣದ ಮಾತು, ಬ್ಯಾಟರಿ ಕೊಡುತ್ತದೆ. ಸಿಗ್ನಲ್‌ನಲ್ಲಿ ಕಾಯಿಲ್ ಏನೂ ಕೊಡದಿದ್ದರೂ 15 ವ್ಯಾಟಿಗೆ ಹೋಗುವುದು ಒಂದೂಕಾಲು ಆಂಪಿಯರ್. ಬ್ಯಾಟರಿಯ ಅರ್ಧ ಮಾತ್ರ ಬಳಸಿದರೂ ಎರಡು ಗಂಟೆ ತಡೆಯುತ್ತದೆ. 35 ವ್ಯಾಟಿನ ಹ್ಯಾಲೊಜೆನ್ ಅಥವಾ ಎರಡು ಹೆಚ್ಚುವರಿ ಫಾಗ್ ಲೈಟ್ ಈ ಲೆಕ್ಕದಲ್ಲಿ ಕೂರುವುದಿಲ್ಲ. ಅಂಗಡಿಯವರು ಏನೇ ಹೇಳಲಿ, ಬೇಡ.

ಇನ್ನು 6 ವೋಲ್ಟಿನ ಕಾಯಿಲ್‌ನಿಂದ 12 ವೋಲ್ಟ್ ಹೇಗೆ? ಮೂರು ದಾರಿ. ಮೊದಲನೆಯದು, ಲೈಟಿನ ಕಾಯಿಲ್‌ಗಳು ಎರಡಿದ್ದು ಬೇರೆ ಬೇರೆಯಾಗಿ ಅರ್ಥಿಂಗ್ ಆಗಿದ್ದರೆ, ಅವನ್ನು ಒಂದರ ಬಾಲಕ್ಕೆ ಇನ್ನೊಂದನ್ನು ಸೇರಿಸಿ ಸೀರೀಸ್ ಮಾಡುವುದು. ಸೇರಿಸುವ ದಿಕ್ಕು ತಪ್ಪಿದರೆ ಒಂದರ ವೋಲ್ಟೇಜನ್ನು ಇನ್ನೊಂದು ಅಳಿಸಿಹಾಕುತ್ತದೆ. ಎಂಜಿನ್ ಓಡಿಸಿ ಮೀಟರ್ ಇಟ್ಟು ನೋಡಿ, ಒಂದೇ ಕಾಯಿಲ್ಲಿಗಿಂತ ಕಡಿಮೆ ತೋರಿದರೆ ಒಂದರ ತುದಿಗಳನ್ನು ಅದಲು ಬದಲು ಮಾಡಿ. ಎರಡನೆಯದು, ರಿವೈಂಡಿಂಗ್. ಮೋಟಾರ್ ಸುತ್ತುವ ಅಂಗಡಿ ಪ್ರತಿ ತಾಲ್ಲೂಕು ಕೇಂದ್ರದಲ್ಲೂ ಇದೆ. ಹಳೆಯ ಸುತ್ತುಗಳನ್ನು ಎಣಿಸಿ, ಎರಡರಷ್ಟು ಸುತ್ತು, ಅರ್ಧ ಅಡ್ಡಕೊಯ್ತದ ತಂತಿ ಎಂದು ಹೇಳಿ. ವೋಲ್ಟೇಜ್ ಎರಡರಷ್ಟು, ಕರೆಂಟು ಅರ್ಧ, ವ್ಯಾಟ್ ಅಷ್ಟೇ. ಕೈಮಗ್ಗದ ಹಾಸಿನಂತೆ ಸುತ್ತು ಪಕ್ಕಕ್ಕೆ ಸುತ್ತು ಒತ್ತಾಗಿ ಕೂತರೆ ಮಾತ್ರ ಅಷ್ಟು ತಂತಿ ಆ ಜಾಗದಲ್ಲಿ ಹಿಡಿಯುತ್ತದೆ. ಅಡ್ಡಾದಿಡ್ಡಿ ಸುತ್ತಿದರೆ ಉಬ್ಬಿಕೊಂಡು ಮ್ಯಾಗ್ನೆಟ್ಟಿಗೆ ತಗಲುತ್ತದೆ. ಶಾಖ ತಡೆಯುವ ಇನ್ಸುಲೇಷನ್ನಿನ ತಂತಿಯನ್ನೇ ಕೇಳಿ, ಕೊನೆಗೆ ವಾರ್ನಿಷ್ ಕುಡಿಸಿ ಒಣಗಿಸಲು ಹೇಳಿ.

ಮೂರನೆಯದು, ನಂತರ ಬಂದ 12 ವೋಲ್ಟ್ ಎಲೆಕ್ಟ್ರಾನಿಕ್ ಮಾದರಿಯ ಪ್ಲೇಟ್, ಮ್ಯಾಗ್ನೆಟ್, ಸಿಡಿಐ (ಪಾಯಿಂಟಿನ ಬದಲು ಕಿಡಿ ಹೊಡೆಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಮೂರನ್ನೂ ಒಟ್ಟಿಗೆ ಹಾಕುವುದು. ಫಲ ಇದರಲ್ಲೇ ಹೆಚ್ಚು: ಆರು ಪೋಲ್, ಹೆಚ್ಚು ಕಾಯಿಲ್, ಪಾಯಿಂಟಿನ ತಲೆನೋವೂ ಇಲ್ಲ. ಅದೇ ಐಡ್ಲಿಂಗ್‌ನಲ್ಲಿ ಸೆಕೆಂಡಿಗೆ 50 ಅಲೆ ಸಿಗುತ್ತದೆ. ಆದರೆ ಕ್ರ್ಯಾಂಕ್ ಶಾಫ್ಟಿನ ತುದಿಯ ಟೇಪರ್ (ತುದಿಯತ್ತ ಸಣ್ಣದಾಗುವ ಇಳಿಜಾರು), ಮ್ಯಾಗ್ನೆಟ್ ಜಾರದಂತೆ ಹಿಡಿಯುವ ಲೋಹದ ಕೀಲಿ ಕೂರುವ ಸೀಳು, ಫ್ಯಾನಿನ ಸುತ್ತಳತೆ, ಹೊರಗಿನ ಕವರ್ ಎಲ್ಲ ಹೊಂದಬೇಕು. ಹಳೆಯ ಕ್ರ್ಯಾಂಕಿಗೆ ಹೊಸ ಮ್ಯಾಗ್ನೆಟ್ ಅರೆಬರೆ ಕೂತು, ಓಡುವಾಗ ಕೀಲಿ ಕತ್ತರಿಸಿ, ಟೇಪರನ್ನೇ ತಿಂದುಹಾಕಿದ ಎಂಜಿನ್‌ಗಳಿವೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ನಿಮ್ಮೂರಲ್ಲಾಗಲಿ ಕೊಳ್ಳುವ ಮುಂಚೆ ನಿಮ್ಮ ಹಳೆಯ ಮ್ಯಾಗ್ನೆಟ್ಟನ್ನು ಕೈಯಲ್ಲಿ ಹಿಡಿದು ಹೋಗಿ, ಎರಡರ ಟೇಪರ್ ತೂತನ್ನು ಅಕ್ಕಪಕ್ಕ ಇಟ್ಟು ಅಳೆದು ನೋಡಿ. ಎಂಜಿನ್ ಹೇಗೂ ಬಿಚ್ಚುವುದಿದ್ದರೆ ಈ ದಾರಿ, ಇಲ್ಲದಿದ್ದರೆ ರಿವೈಂಡಿಂಗ್. ನಿಮಗೆ ನಾನು ಹೇಳುವುದು ರಿವೈಂಡಿಂಗ್.

ಈಗ ಮುಖ್ಯ ಕೆಲಸಕ್ಕೆ ಬರೋಣ. ಮ್ಯಾಗ್ನೆಟ್ ಬಿಚ್ಚಲು ಸುತ್ತಿಗೆ ಮುಟ್ಟಬೇಡಿ. ನಟ್ಟಿನ ಹೊರಗೆ ಲಾಕ್ ರಿಂಗ್ ಇರುವ ಮಾದರಿಯಾದರೆ ಆ ನಟ್ಟೇ ಪುಲ್ಲರ್: ಮೊದಲು ಸಡಿಲವಾಗುತ್ತದೆ, ಮತ್ತೆ ಬಿಗಿಯಾಗುತ್ತದೆ, ಆ ಎರಡನೇ ಬಿಗಿಯಲ್ಲಿ ತಿರುವುತ್ತಾ ಹೋದರೆ ಮ್ಯಾಗ್ನೆಟ್ ತಾನೇ ಎದ್ದು ಬರುತ್ತದೆ. ರಿಂಗ್ ಇಲ್ಲದಿದ್ದರೆ ಅದಕ್ಕೆಂದೇ ಇರುವ ಪುಲ್ಲರ್ ತನ್ನಿ. ಕೀಲಿ ಸಣ್ಣದು, ಕೆಳಗೆ ಬಿದ್ದು ಕಳೆದುಹೋಗದಂತೆ ನೋಡಿಕೊಳ್ಳಿ. ಪ್ಲೇಟ್ ತೆಗೆಯುವ ಮುಂಚೆ ಪ್ಲೇಟಿಗೂ ಎಂಜಿನ್ ಕೇಸಿಗೂ ಸೇರಿ ಒಂದು ಗೀಟು ಕೊರೆಯಿರಿ. ಟೈಮಿಂಗ್ ಇರುವುದೇ ಆ ಪ್ಲೇಟ್ ತಿರುಗಿ ಕೂರುವ ಜಾಗದಲ್ಲಿ. ಗೀಟಿಗೆ ಗೀಟು ಸೇರಿಸಿ ಕೂರಿಸಿದರೆ ಟೈಮಿಂಗ್ ಇದ್ದಲ್ಲೇ ಇರುತ್ತದೆ.

ಪ್ಲೇಟನ್ನು ಪೆಟ್ರೋಲಿನಲ್ಲಿ ತೊಳೆದು ಒರೆಸಿ ಬೆಳಕಿನಲ್ಲಿ ನೋಡಿ. ಒಳಗೆ ಎಣ್ಣೆಯ ಜಿಡ್ಡು ತುಂಬಿದ್ದರೆ ಮ್ಯಾಗ್ನೆಟ್ ಕಡೆಯ ಆಯಿಲ್ ಸೀಲ್ ಸೋತಿದೆ. ಅದನ್ನು ಬದಲಿಸದೆ ಮುಂದಿನ ಕೆಲಸ ಮಾಡುವುದರಲ್ಲಿ ಅರ್ಥವಿಲ್ಲ, ಹೊಸ ವೈರ್ ಕೂಡ ಅದೇ ಎಣ್ಣೆಯಲ್ಲಿ ನೆನೆಯುತ್ತದೆ. ಈಗ ಒಂದೊಂದೇ ಕಾಯಿಲ್ಲಿನ ತಂತಿಯನ್ನು ಕಣ್ಣಿನಲ್ಲಿ ಹಿಂಬಾಲಿಸಿ, ಕಾಗದದ ಮೇಲೆ ಬರೆದುಕೊಳ್ಳಿ, ಮೊಬೈಲಿನಲ್ಲಿ ಫೋಟೋ ಹೊಡೆದುಕೊಳ್ಳಿ. ಬಣ್ಣ ನಂಬಬೇಡಿ. ಇಷ್ಟು ವರ್ಷದಲ್ಲಿ ಯಾರ್ಯಾರೋ ಯಾವ್ಯಾವುದೋ ಬಣ್ಣದ ವೈರ್ ಹಾಕಿರುತ್ತಾರೆ. ಮಲ್ಟಿಮೀಟರ್ ಒಂದೇ ಸಾಕ್ಷಿ. ಲೈಟಿನ ಕಾಯಿಲ್ ದಪ್ಪ ತಂತಿಯದು, ಒಂದು ಓಮ್‌ನ ಆಸುಪಾಸು ತೋರುತ್ತದೆ. ಎಲೆಕ್ಟ್ರಾನಿಕ್ ಮಾದರಿ ಇಟ್ಟುಕೊಂಡಿರುವ ಓದುಗರಿಗೂ ಒಂದು ಮಾತು: ವೆಸ್ಪಾ ಪಿಎಕ್ಸ್ ಬಗೆಯ ಪ್ಲೇಟಿನಲ್ಲಿ ಹಸಿರು ಮತ್ತು ಬಿಳಿ ವೈರಿನ ನಡುವೆ ಸುಮಾರು 500 ಓಮ್, ಕೆಂಪು ಮತ್ತು ಬಿಳಿಯ ನಡುವೆ ಸುಮಾರು 110 ಓಮ್ ಬರಬೇಕು. ಅವು ಇಗ್ನಿಷನ್ನಿನ ಕಾಯಿಲ್‌ಗಳು. ಅವುಗಳ ಅರ್ಥಿಂಗ್ ಪ್ಲೇಟಿನ ಮೇಲೆಯೇ ಇರಬೇಕು, ಬಿಡಿಸಿದರೆ ಕಿಡಿ ಹೋಯಿತು.

ಲೈಟಿನ ಕಾಯಿಲ್ಲಿನ ತುದಿ ಪ್ಲೇಟಿಗೆ ಬೆಸೆದಿರುವ ಜಾಗ ಸಿಕ್ಕಿತಲ್ಲ, ಅದನ್ನು ಬಿಡಿಸಿ. ಅಲ್ಲಿ ಇಗ್ನಿಷನ್ ಕಾಯಿಲ್ಲಿನ ತುದಿಯೂ ಸೇರಿದ್ದರೆ ಅದನ್ನು ಹಾಗೆಯೇ ಬಿಡಬೇಕು. ಪ್ಲೇಟ್ ಲೋಹದ ದಿಮ್ಮಿ, ಶಾಖವನ್ನೆಲ್ಲ ಹೀರುತ್ತದೆ. ರೇಡಿಯೋ ರಿಪೇರಿಯ 25 ವ್ಯಾಟಿನ ಬೆಸುಗೆ ಕಡ್ಡಿಯಿಂದ ಆಗುವುದಿಲ್ಲ, 60 ವ್ಯಾಟಿಗೆ ಕಡಿಮೆ ಬೇಡ. ಬಿಡಿಸಿದ ತುದಿಯ ಎನಾಮೆಲ್ ಕೆರೆದು, ಒಂದು ಚದರ ಮಿಲಿಮೀಟರಿನ ಹೊಸ ವೈರ್ ಬೆಸೆದು, ಮೇಲೆ ಫೈಬರ್ ಸ್ಲೀವ್ ಎಳೆದು, ದಾರದಿಂದ ಕಾಯಿಲ್ಲಿಗೆ ಬಿಗಿಯಾಗಿ ಕಟ್ಟಿ ವಾರ್ನಿಷ್ ಹಚ್ಚಿ. ಪಿವಿಸಿ ಟೇಪ್ ಸುತ್ತಬೇಡಿ, ಆ ಶಾಖಕ್ಕೂ ಎಣ್ಣೆಗೂ ಅಂಟು ಬಿಟ್ಟು ಮ್ಯಾಗ್ನೆಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಈಗ ಲೈಟಿಗೆಂದು ಎರಡು ವೈರ್ ಹೊರಬಂದವು. ಮೀಟರನ್ನು ಓಮ್‌ಗೆ ಇಟ್ಟು ಎರಡು ವೈರಿನ ನಡುವೆ ನೋಡಿ: ಒಂದೆರಡು ಓಮ್, ರಿವೈಂಡ್ ಮಾಡಿದ್ದರೆ ಹಳೆಯದರ ಸುಮಾರು ನಾಲ್ಕರಷ್ಟು. ಯಾವುದಾದರೂ ಒಂದು ವೈರಿಗೂ ಪ್ಲೇಟಿಗೂ ನಡುವೆ ನೋಡಿ: ಏನೂ ತೋರಬಾರದು. ಈ ಎರಡನೇ ಪರೀಕ್ಷೆ ಪಾಸಾಗದೆ ಮ್ಯಾಗ್ನೆಟ್ ಮುಚ್ಚಲೇಬೇಡಿ. ಪ್ಲೇಟ್ ಕೂರಿಸಿದ ಮೇಲೂ, ವೈರ್ ಎಂಜಿನ್ನಿನಿಂದ ಹೊರಬರುವ ತೂತಿನ ಬಳಿ ಉಜ್ಜಿದೆಯೇ ಎಂದು ಮತ್ತೊಮ್ಮೆ ಇದೇ ಪರೀಕ್ಷೆ ಮಾಡಿ. ಮ್ಯಾಗ್ನೆಟ್ ಹಾಕಿ ಪ್ಲಗ್ ಬಿಚ್ಚಿ ಕೈಯಿಂದ ತಿರುಗಿಸಿ, ಎಲ್ಲೂ ಕೆರೆಯುವ ಸದ್ದು ಬರಬಾರದು.

ಈಗ ನಿಮ್ಮ ಬಳಿ ಇರುವ ಅದೇ ರೆಗ್ಯುಲೇಟರ್ ಬಳಸಬಹುದು, ಶಾಖಕ್ಕೆ ಸತ್ತಿಲ್ಲದಿದ್ದರೆ. ಮೀಟರನ್ನು ಡಯೋಡ್ ಗುರುತಿಗೆ ತಿರುಗಿಸಿ, ಕೆಂಪು ಕಡ್ಡಿಯನ್ನು ರೆಗ್ಯುಲೇಟರಿನ ನೆಗೆಟಿವ್ ವೈರಿಗೆ, ಕಪ್ಪು ಕಡ್ಡಿಯನ್ನು ಒಂದೊಂದೇ ಎಸಿ ವೈರಿಗೆ ಇಡಿ. ಎರಡಕ್ಕೂ 0.5 ವೋಲ್ಟಿನ ಹತ್ತಿರ ತೋರಿದರೆ ಅದು ಫುಲ್ ವೇವ್, ಕೆಳಗಿನ ಎರಡು ಡಯೋಡ್ ಜೀವಂತ. ಒಂದರಲ್ಲಿ ಸೊನ್ನೆ ತೋರಿ ಮೀಟರ್ ಬೀಪ್ ಎಂದರೆ ಶಾರ್ಟ್ ಆಗಿದೆ, ಎಸೆಯಿರಿ. ಅದು ಕೂರುವ ಜಾಗ ಗಾಳಿಯಾಡುವ ಲೋಹದ ಮೇಲೆ ಇರಲಿ, ಹಿಂಬದಿ ಬಾಡಿಗೆ ಪೂರ್ತಿ ತಾಕಲಿ. ಎರಡು ಎಸಿ ವೈರ್‌ಗಳಲ್ಲಿ ಯಾವುದು ಯಾವ ಕಡೆ ಎಂಬ ಭೇದವಿಲ್ಲ. ಅವೆರಡೂ ಬಾಡಿಗೆ ಮಾತ್ರ ಎಲ್ಲೂ ತಾಕಬಾರದು.

ಬ್ಯಾಟರಿಗೆ ಚೇತಕ್‌ನ ಎಡಬದಿಯ ಡಿಕ್ಕಿ ಹೇಳಿ ಮಾಡಿಸಿದ ಜಾಗ. ಸೀಲ್ ಮಾಡಿದ 5 ಆಂಪಿಯರ್ ಅವರ್ ಬ್ಯಾಟರಿ ಸಾಕು. ರಬ್ಬರ್ ಹಾಸಿ, ಪಟ್ಟಿ ಬಿಗಿದು, ಪಾಸಿಟಿವ್ ತುದಿಯಿಂದ ಗೇಣುದ್ದದೊಳಗೆ 10 ಆಂಪಿಯರ್ ಫ್ಯೂಸ್ ಹಾಕಿ. ಫ್ಯೂಸ್ ಇಲ್ಲದ ಡಿಸಿ ವೈರಿಂಗನ್ನು ನಾನು ಯಾರಿಗೂ ಹೇಳುವುದಿಲ್ಲ. ಎಸಿಯಲ್ಲಿ ವೈರ್ ಬಾಡಿಗೆ ತಾಕಿದರೆ ದೀಪ ಆರುತ್ತಿತ್ತು, ಅಷ್ಟೇ. ಬ್ಯಾಟರಿಯ ವೈರ್ ತಾಕಿದರೆ ಬೆಂಕಿ ಏಳುತ್ತದೆ, ಪೆಟ್ರೋಲ್ ಟ್ಯಾಂಕ್ ಪಕ್ಕದಲ್ಲೇ ಇದೆ.

ಇದೇ ಭಯಕ್ಕೆ ಸ್ವಿಚ್ಚಿನ ವಿಷಯವನ್ನು ಒತ್ತಿ ಹೇಳುತ್ತಿದ್ದೇನೆ. ಬ್ಯಾಟರಿ ಇಲ್ಲದ ಎಸಿ ಸ್ಕೂಟರ್‌ಗಳ ಹ್ಯಾಂಡಲ್ ಸ್ವಿಚ್ ಕೆಲಸ ಮಾಡುವ ರೀತಿಯೇ ಬೇರೆ ಇರಬಹುದು. ಕೆಲವದರಲ್ಲಿ ಸ್ವಿಚ್ ಆಫ್ ಎಂದರೆ ಕರೆಂಟನ್ನು ತಡೆಯುವುದಲ್ಲ, ಬಾಡಿಗೆ ಶಾರ್ಟ್ ಮಾಡುವುದು. ಹಾರ್ನ್ ಬಟನ್ ಕೂಡ ಒತ್ತದಿದ್ದಾಗ ಸೇರಿಕೊಂಡು, ಒತ್ತಿದಾಗ ಬಿಡುವ ಜಾತಿಯದ್ದಿರುತ್ತದೆ. ಕಾಯಿಲ್ಲಿನ ಎಸಿಗೆ ಅದು ಹಾನಿ ಮಾಡುತ್ತಿರಲಿಲ್ಲ. ಅಂಥ ಸ್ವಿಚ್ಚಿಗೆ ಬ್ಯಾಟರಿ ಕೊಟ್ಟರೆ ಕೀ ತಿರುಗಿಸಿದ ಕ್ಷಣವೇ ಫ್ಯೂಸ್ ಹಾರುತ್ತದೆ. ಡೂಮ್ (ಹೆಡ್‌ಲೈಟ್ ಕೂತಿರುವ ಹ್ಯಾಂಡಲಿನ ಭಾಗ) ಬಿಚ್ಚಿ, ಸ್ವಿಚ್ಚಿನ ಎಲ್ಲ ವೈರ್ ಕಳಚಿ, ಪ್ರತಿ ಸ್ಥಾನದಲ್ಲೂ ಯಾವುದಕ್ಕೆ ಯಾವುದು ಸೇರುತ್ತದೆ ಎಂದು ಮೀಟರಿನಿಂದ ನೋಡಿ. ಶಾರ್ಟ್ ಮಾಡುವ ಜಾತಿಯಾದರೆ ಬ್ಯಾಟರಿ ಮಾದರಿಯ ಸ್ಕೂಟರಿನ ಸ್ವಿಚ್ ತಂದು ಹಾಕಿ. ಎಂಜಿನ್ ನಿಲ್ಲಿಸುವ ಬಟನ್ ಅಥವಾ ಕೀ ಮಾತ್ರ ಹಳೆಯ ರೀತಿಯಲ್ಲೇ ಇರಲಿ: ಅದು ಇಗ್ನಿಷನ್ನನ್ನು ಬಾಡಿಗೆ ಸೇರಿಸಿ ಕಿಡಿ ನಿಲ್ಲಿಸುತ್ತದೆ. ಆ ವೈರಿಗೆ ಬ್ಯಾಟರಿಯ 12 ವೋಲ್ಟ್ ಯಾವ ಕಾರಣಕ್ಕೂ ತಾಕಕೂಡದು. ಸಿಡಿಐ ಇರುವ ಗಾಡಿಯಾದರೆ ಒಂದೇ ತಾಕಿಗೆ ಸಿಡಿಐ ಸಾಯುತ್ತದೆ. ದೀಪಗಳಿಗೆ ಬೇರೆಯದೇ ಆದ ಒಂದು ಕೀ ಸ್ವಿಚ್ ಡೂಮಿನ ಕೆಳಗೆ ಕೂರಿಸಿ. ಆಗ ನಾಳೆ ಬ್ಯಾಟರಿ ಪೂರ್ತಿ ಸತ್ತರೂ ಕಿಕ್ ಹೊಡೆದರೆ ಎಂಜಿನ್ ಹತ್ತುತ್ತದೆ.

ಎಂಜಿನ್ ಬಾಡಿಗೆ ಕೂತಿರುವುದು ರಬ್ಬರ್ ಬುಶ್‌ಗಳ ಮೇಲೆ. ಅದರ ಅರ್ಥಿಂಗ್ ನಿಲ್ಲುವುದು ಒಂದು ವೈರಿನ ಮೇಲೆ, ಅದೂ ಹೋದರೆ ಕ್ಲಚ್, ಗೇರ್ ಕೇಬಲ್‌ಗಳ ಮೇಲೆ. ಒಂದೂವರೆ ಚದರ ಮಿಲಿಮೀಟರಿನ ವೈರನ್ನು ಎಂಜಿನ್ ಬೋಲ್ಟಿನಿಂದ ಬಾಡಿಗೆ, ಬಾಡಿಯಿಂದ ಬ್ಯಾಟರಿಯ ನೆಗೆಟಿವ್‌ಗೆ ಎಳೆಯಿರಿ. ಪೇಂಟ್ ಕೆರೆದು ಬೆಳ್ಳಗಿನ ಲೋಹಕ್ಕೆ ಬಿಗಿಯಿರಿ. ಹಿಂದಿನ ದೀಪಕ್ಕೂ ಒಂದು ಅರ್ಥಿಂಗ್ ವೈರ್ ಪ್ರತ್ಯೇಕ ಕೊಟ್ಟರೆ ಒಳ್ಳೆಯದು, ತುಕ್ಕು ಹಿಡಿದ ಸ್ಕ್ರೂವನ್ನು ನಂಬಿ ಕೂರುವ ಕಾಲ ಮುಗಿಯಿತು. ಹೊಸ ವೈರ್‌ಗಳನ್ನು ಬಾಡಿಯ ಒಳಗಿನಿಂದ ಎಳೆಯಲು ಹಳೆಯ ವೈರಿನ ಕಟ್ಟನ್ನೇ ಬಳಸಿ: ಅದರ ತುದಿಗೆ ಹೊಸದನ್ನು ಕಟ್ಟಿ ಇನ್ನೊಂದು ಕಡೆಯಿಂದ ಮೆಲ್ಲಗೆ ಎಳೆಯಿರಿ. ಹಳೆಯದನ್ನು ಮೊದಲೇ ಕಿತ್ತುಹಾಕಿದ್ದರೆ ಹಳೆಯ ಕ್ಲಚ್ ಕೇಬಲ್ಲಿನ ಒಳತಂತಿ ಹಾಕಿ ದಾರಿ ಮಾಡಿಕೊಳ್ಳಬೇಕಾಗುತ್ತದೆ.

6 ವೋಲ್ಟಿನ ಬಲ್ಬು ಒಂದನ್ನೂ ಉಳಿಸಬೇಡಿ, ಸ್ಪೀಡೋಮೀಟರಿನ ಸಣ್ಣದನ್ನೂ ಸೇರಿಸಿ. ಹಳೆಯ ಎಸಿ ಹಾರ್ನ್ ಡಿಸಿಗೆ ಒಮ್ಮೆ ಟಕ್ ಎಂದು ಸುಮ್ಮನಾಗುತ್ತದೆ, ಒತ್ತಿ ಹಿಡಿದರೆ ಕಾಯುತ್ತದೆ. ಅದರೊಳಗೆ ಬಿಟ್ಟು ಕೂಡುವ ಪಾಯಿಂಟ್ ಇಲ್ಲ, ಎಸಿ ಅಲೆಯೇ ಅದನ್ನು ಅಲುಗಿಸುತ್ತಿತ್ತು. 12 ವೋಲ್ಟ್ ಡಿಸಿ ಹಾರ್ನ್ ತನ್ನಿ. ಇಂಡಿಕೇಟರ್ ಇದ್ದರೆ ಎಲ್ಇಡಿಗೆಂದೇ ಇರುವ ಎಲೆಕ್ಟ್ರಾನಿಕ್ ಫ್ಲ್ಯಾಶರ್ ಬೇಕು, ಹಳೆಯದು ಅಷ್ಟು ಕಡಿಮೆ ಕರೆಂಟಿಗೆ ಮಿಟುಕುವುದೇ ಇಲ್ಲ. ಹೆಡ್‌ಲೈಟಿನ ಎಲ್ಇಡಿ ಆರಿಸುವಾಗ ಹೊಳಪಿಗಿಂತ ಚಿಪ್ ಕೂತಿರುವ ಜಾಗ ನೋಡಿ. ಹಳೆಯ ಬಲ್ಬಿನ ತಂತಿ ಇದ್ದಲ್ಲೇ ಚಿಪ್ ಇದ್ದರೆ ಮಾತ್ರ ಆ ರಿಫ್ಲೆಕ್ಟರಿನಲ್ಲಿ ಬೆಳಕು ರಸ್ತೆಗೆ ಬೀಳುತ್ತದೆ. ಇಲ್ಲದಿದ್ದರೆ ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ನಿಮಗೆ ಗುಂಡಿ ಕಾಣುವುದಿಲ್ಲ.

ಬ್ಯಾಟರಿಯೇ ಬೇಡ ಎನ್ನುವವರು ಅದರ ಜಾಗದಲ್ಲಿ 10,000 ಮೈಕ್ರೋಫ್ಯಾರಡ್, 35 ವೋಲ್ಟಿನ ಕೆಪ್ಯಾಸಿಟರ್ ಹಾಕಬಹುದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸುಲಭವಾಗಿ ಸಿಗುತ್ತದೆ. ಎಲ್ಇಡಿ ಮಿಣುಕುವುದು ಬಹಳಷ್ಟು ನಿಲ್ಲುತ್ತದೆ. ಆದರೆ ಎಂಜಿನ್ ನಿಂತರೆ ದೀಪವೂ ಹೋಯಿತು, ಐಡ್ಲಿಂಗ್‌ನಲ್ಲಿ ಹಾರ್ನ್ ಬಡವೇ. ನೀವು ರಾತ್ರಿ ಓಡಿಸುವವರಾದರೆ ನಿಮಗೆ ಬ್ಯಾಟರಿಯೇ ಸರಿ. ರೆಗ್ಯುಲೇಟರಿನ ಮುಂದೆ ಬ್ಯಾಟರಿಯೂ ಇಲ್ಲದೆ ಕೆಪ್ಯಾಸಿಟರೂ ಇಲ್ಲದೆ ಮಾತ್ರ ಎಂಜಿನ್ ಓಡಿಸಬೇಡಿ, ವೋಲ್ಟೇಜಿನ ಏಟಿಗೆ ಎಲ್ಇಡಿಗಳು ಹೋಗುತ್ತವೆ.

ಎಲ್ಲ ಸೇರಿಸಿದ ಮೇಲೆ ಬ್ಯಾಟರಿಯ ತುದಿಗಳಿಗೆ ಮೀಟರ್ ಇಡಿ. ಎಂಜಿನ್ ಆಫ್ ಇದ್ದಾಗ, ತುಂಬಿದ ಬ್ಯಾಟರಿ 12.6ರಿಂದ 12.8. ದೀಪ ಹಚ್ಚಿ ಐಡ್ಲಿಂಗ್‌ನಲ್ಲಿ 12.3ರ ಹತ್ತಿರ ಇಳಿದರೆ ಗಾಬರಿ ಬೇಡ. ಆಕ್ಸಿಲರೇಟರ್ ಕೊಡುತ್ತಾ ಹೋದಂತೆ 13 ದಾಟಿ, ಓಡಿಸುವ ವೇಗದಲ್ಲಿ 13.8ರಿಂದ 14.4ರ ನಡುವೆ ನಿಲ್ಲಬೇಕು. 15 ದಾಟಿದರೆ ಕೂಡಲೇ ಎಂಜಿನ್ ನಿಲ್ಲಿಸಿ, ರೆಗ್ಯುಲೇಟರ್ ವೋಲ್ಟೇಜ್ ಹಿಡಿಯುತ್ತಿಲ್ಲ ಅಥವಾ ಅದರ ನೆಗೆಟಿವ್ ವೈರ್ ಸರಿಯಾಗಿ ಕೂತಿಲ್ಲ. 13ಕ್ಕೂ ಏರದಿದ್ದರೆ ಎರಡು ಎಸಿ ವೈರ್ ಕಳಚಿ, ಅವೆರಡರ ನಡುವೆ ಎಸಿ ವೋಲ್ಟೇಜ್ ನೋಡಿ. ಆಕ್ಸಿಲರೇಟರ್ ಜೊತೆ ಅದು 20, 30 ಎಂದು ಏರುತ್ತಿದ್ದರೆ ಕಾಯಿಲ್ ಸರಿ, ಮುಂದಿನ ಸಂಪರ್ಕಗಳನ್ನು ಹುಡುಕಿ. ಏರದಿದ್ದರೆ ಸೀರೀಸಿನ ದಿಕ್ಕು ಅಥವಾ ರಿವೈಂಡಿಂಗ್ ನೋಡಬೇಕು. ಕೊನೆಗೆ ಎಲ್ಲ ಸ್ವಿಚ್ ಆಫ್ ಮಾಡಿ, ಬ್ಯಾಟರಿಯ ಪಾಸಿಟಿವ್ ಕಳಚಿ, ನಡುವೆ ಆಂಪಿಯರ್ ಮೀಟರ್ ಇಟ್ಟು ನೋಡಿ. ಒಂದೆರಡು ಮಿಲಿಆಂಪಿಯರ್ ಇದ್ದರೆ ಪರವಾಗಿಲ್ಲ. 50 ಮಿಲಿಆಂಪಿಯರ್ ಸೋರುತ್ತಿದ್ದರೆ ನಾಲ್ಕು ದಿನಕ್ಕೆ ನಿಮ್ಮ ಬ್ಯಾಟರಿ ಖಾಲಿ.

ರಿವೈಂಡಿಂಗ್‌ಗೆ ಕೊಡುವ ಮುಂಚೆ ಕಾಯಿಲ್ ಪ್ಲೇಟಿನ ಎರಡೂ ಬದಿಯ ಫೋಟೋ, ಕಾಯಿಲ್‌ಗಳ ಓಮ್ ಅಳತೆ, ಹ್ಯಾಂಡಲ್ ಸ್ವಿಚ್ಚಿನಲ್ಲಿ ಯಾವುದಕ್ಕೆ ಯಾವುದು ಸೇರುತ್ತದೆ ಎಂದು ನೀವು ಬರೆದುಕೊಂಡ ಹಾಳೆ, ಈ ಮೂರನ್ನು ಕಳಿಸಿ. ನಿಮ್ಮ ಗಾಡಿಯ ವೈರಿಂಗ್ ನಕ್ಷೆಯನ್ನು ಅದರ ಮೇಲೆಯೇ ಬರೆದುಕೊಡುತ್ತೇನೆ. ಅದರ ಒಂದು ಪ್ರತಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಡಿಕ್ಕಿಯ ಬಾಗಿಲಿನ ಒಳಮೈಗೆ ಅಂಟಿಸಿಡಿ. ಮುಂದೆ ಗಾಡಿ ಯಾರ ಕೈಗೆ ಸಿಕ್ಕರೂ, ಈ ಎರಡು ಎಸಿ ವೈರ್ ಬಾಡಿಗೆ ಸೇರಿಸಬಾರದು ಎಂಬುದು ಅವರಿಗೆ ಮೊದಲು ಕಾಣಬೇಕು.